ಆಲಮೇಲದ ತಂಗಿಗೆ: ಸಾಫ್ಟ್‌ವೇರ್ ದಾರಿಯ ಎಂಟು ಸೂತ್ರ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಮಾತು: “ಹುಡುಗಿ ಶ್ಯಾಣ್ಯಾ ಅದಾಳ, ಖರೆ. ಇಂಜಿನಿಯರಿಂಗ್ ಓದಸಾಕ ರೊಕ್ಕ ಎಲ್ಲಿಂದ ತರೂದು?” ಕಬ್ಬಿನ ಬಿಲ್ಲು ಬರುವುದು ಯಾವಾಗಲೋ, ಕಾಲೇಜಿನವರು ಫೀ ಕೇಳುವುದು ಇವತ್ತೇ. ಆದರೆ ರೊಕ್ಕ ಇದೆ, ತಂಗಿ. ಅದು ಕೈತಪ್ಪುವುದು ಹೆಚ್ಚಾಗಿ ಅಂಕ ಕಡಿಮೆಯಾಗಿ ಅಲ್ಲ. ಕಾಗದ ಸರಿಯಿಲ್ಲದೆ, ತಾರೀಖು ಮೀರಿ.

1. ಸಂಕೋಚ ಬಿಡು. ವಿದ್ಯಾರ್ಥಿವೇತನ ಯಾರ ಕರುಣೆಯೂ ಅಲ್ಲ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಸರ್ಕಾರದ ವಿದ್ಯಾರ್ಥಿವೇತನ ಪಡೆದೇ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ನಾವಿಂದು ನೆನೆಯುವುದು ಅವರನ್ನೇ.

2. ಬಾಗಿಲು ಒಂದೇ ಅಲ್ಲ. ಪಿಯುಸಿ ನಂತರ ಸಿಇಟಿ ಬರೆಯಬಹುದು. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಬಿಸಿಎ ಕೂಡ ಕಡಿಮೆ ದಾರಿಯಲ್ಲ.

3. ಹೆಸರು, ಮೊತ್ತ ಬರೆದಿಟ್ಟುಕೋ. ಎಐಸಿಟಿಇಯ ‘ಪ್ರಗತಿ’ ಹುಡುಗಿಯರಿಗೆಂದೇ ಇರುವುದು: ವರ್ಷಕ್ಕೆ 50,000 ರೂಪಾಯಿ, ಡಿಪ್ಲೊಮಾಕ್ಕೂ ಇದೆ, ಡಿಗ್ರಿಗೂ ಇದೆ. ಕುಟುಂಬದ ಆದಾಯ 8 ಲಕ್ಷ ಮೀರಬಾರದು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಸಿಗುತ್ತದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದವಳಾದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ‘ದೀಪಿಕಾ’ ನೋಡು, ವರ್ಷಕ್ಕೆ 30,000. ಇನ್ಫೊಸಿಸ್ ಫೌಂಡೇಶನ್ನಿನ ‘ಸ್ಟೆಮ್ ಸ್ಟಾರ್ಸ್’ 2023ರಲ್ಲಿ ಶುರುವಾದದ್ದು, ವರ್ಷಕ್ಕೆ 1 ಲಕ್ಷದವರೆಗೆ. ಇವುಗಳ ಜೊತೆಗೆ ರಾಜ್ಯದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಪೋರ್ಟಲ್ ಇದ್ದೇ ಇದೆ. ಒಂದು ಪಡೆದವರಿಗೆ ಇನ್ನೊಂದು ಸಿಗುತ್ತದೆಯೇ ಎಂಬ ನಿಯಮವನ್ನು ಅರ್ಜಿಗೆ ಮೊದಲೇ ಓದು.

4. ಕಾಗದದ ಕೆಲಸ ಮೊದಲು ಮುಗಿಸು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದು. ಆಧಾರ್ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕು ಮೂರನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ನೋಡು. ಒಂದರಲ್ಲಿ ಅಡ್ಡಹೆಸರು ಪೂರ್ತಿ ಇದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದೆ ಎಂದರೆ ಅಲ್ಲಿಯೇ ಅರ್ಜಿ ಸಿಕ್ಕಿಬೀಳುತ್ತದೆ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಬೇಸಿಗೆಯಲ್ಲೇ ಮಾಡಿಸು. ಎಸ್‌ಎಸ್‌ಪಿ ಕೇಳುವುದು ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು. ಮತ್ತೊಂದು ಮಾತು. ಸರ್ಕಾರದ ದುಡ್ಡು ಬರುವುದು ನೀನು ಹೇಳಿದ ಖಾತೆಗಲ್ಲ, ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅದಕ್ಕೆ. ಹಳೆಯ, ಮುಚ್ಚಿದ ಖಾತೆಗೆ ಜೋಡಣೆಯಾಗಿದ್ದರೆ ಮಂಜೂರಾದ ರೊಕ್ಕವೂ ಕೈಗೆ ಹತ್ತುವುದಿಲ್ಲ. ಬ್ಯಾಂಕಿಗೆ ಹೋಗಿ ಕೇಳಿಯೇ ಬಾ.

5. ಮೀಸಲಾತಿಯ ಹಕ್ಕು ಬಿಡಬೇಡ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಸಿಇಟಿಯಲ್ಲಿ ಶೇ 5 ಸೀಟು, ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾದಲ್ಲಿ ಶೇ 15. ಆಲಮೇಲ ಈಗ ಪಟ್ಟಣ ಪಂಚಾಯಿತಿ. ನಿನ್ನ ಶಾಲೆ ಯಾವ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಬಿಇಒ ಕಚೇರಿಯಲ್ಲಿ ಕೇಳು. ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದು ಬರೆದಿದ್ದರೂ ನಮ್ಮ ವಿಜಯಪುರ ಜಿಲ್ಲೆಗೆ ಆ ಭಾಗದ 371(ಜೆ) ಮೀಸಲಾತಿ ಇಲ್ಲ. ಆ ಭಾಗಕ್ಕೆ ಸೇರಿದ ಅಫಜಲಪುರದ ಗೆಳತಿಗೆ ಸಿಕ್ಕದ್ದು ನಿನಗೆ ಸಿಗದೆ ಹೋದರೆ ಎದೆಗುಂದಬೇಡ.

6. ಮೊದಲ ಪ್ರೋಗ್ರಾಂ ಮನೆಯ ಲೆಕ್ಕದ್ದೇ ಇರಲಿ. ಅಪ್ಪನ ಕಬ್ಬಿನ ತೂಕದ ಚೀಟಿ ತೆಗೆದುಕೋ. ತುಂಬಿದ ಟ್ರ್ಯಾಕ್ಟರಿನ ತೂಕ, ಖಾಲಿ ಟ್ರ್ಯಾಕ್ಟರಿನ ತೂಕ. ಮೊದಲಿನದರಲ್ಲಿ ಎರಡನೆಯದನ್ನು ಕಳೆದು ದರದಿಂದ ಗುಣಿಸಿದರೆ ಬಿಲ್ಲು. ಇದನ್ನು ಪೈಥಾನ್‌ನಲ್ಲಿ ಬರೆ. ಮೊದಲ ಸಲ ‘ಟೈಪ್ ಎರರ್’ ಎಂದು ಕೆಂಪಗೆ ಬರುತ್ತದೆ. ಹೆದರಬೇಡ. ‘ಇನ್‌ಪುಟ್’ನಲ್ಲಿ ನೀನು 20 ಎಂದು ಒತ್ತಿದರೂ ಪೈಥಾನ್ ಅದನ್ನು ಅಕ್ಷರವೆಂದೇ ಹಿಡಿಯುತ್ತದೆ; ಅಕ್ಷರದಿಂದ ಅಕ್ಷರ ಕಳೆಯಲು ಅದಕ್ಕೆ ಬಾರದು. ಸುತ್ತ ‘ಫ್ಲೋಟ್’ ಹಾಕು, ಅಕ್ಷರ ಸಂಖ್ಯೆಯಾಗುತ್ತದೆ, ಬಿಲ್ಲು ಬರುತ್ತದೆ. ಆ ಸಂಜೆ ಅಪ್ಪನಿಗೆ ತೋರಿಸು. “ಈಕಿ ಏನ್ ಕಲಿತಾಳ” ಎಂಬ ಪ್ರಶ್ನೆ ಮನೆಯಲ್ಲಿ ಮತ್ತೆ ಏಳುವುದಿಲ್ಲ.

7. ಇಂಗ್ಲಿಷಿಗೆ ಅಂಜಬೇಡ. ಪ್ರೋಗ್ರಾಮಿಂಗಿಗೆ ಬೇಕಾದ ಇಂಗ್ಲಿಷ್ ಭಾಷಣದ ಇಂಗ್ಲಿಷಲ್ಲ. ತಪ್ಪು ತೋರಿಸುವ ಸಾಲನ್ನು ದಿನಾ ವಹಿಯಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಬರೆ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವೇ ಸಾಲುಗಳು ತಿರುತಿರುಗಿ ಬರುತ್ತವೆ ಎಂದು ನಿನಗೇ ತಿಳಿಯುತ್ತದೆ.

8. ಸೀಟು ಸಿಕ್ಕಿತೆಂದು ಮೈಮರೆಯಬೇಡ. ಪ್ರಗತಿಯನ್ನು ಪ್ರತಿ ವರ್ಷ ನವೀಕರಿಸಬೇಕು, ಪಾಸಾಗಿರಲೇಬೇಕು. ಎರಡನೇ ವರ್ಷದಿಂದ ಬರೆದ ಕೋಡನ್ನೆಲ್ಲ ಕೋಡ್ ಹಂಚುವ ಜಾಲತಾಣ ಗಿಟ್‌ಹಬ್‌ನಲ್ಲಿ ಇಡು. ಕೈ ಪಳಗಿದ ಮೇಲೆ ‘ಔಟ್‌ರೀಚಿ’ಗೆ ಅರ್ಜಿ ಹಾಕು. ಮುಕ್ತ ತಂತ್ರಾಂಶದ ಮೂರು ತಿಂಗಳ ಇಂಟರ್ನ್‌ಶಿಪ್ ಅದು. ಮನೆಯಿಂದಲೇ ಕೆಲಸ, 7,000 ಡಾಲರ್ ಭತ್ಯೆ.

ನಿನ್ನ ಅರ್ಜಿ ಪೂರ್ತಿಯಾದ ದಿನ ಲಾಗ್‌ಔಟ್ ಮಾಡಿ ಎದ್ದು ಹೋಗಬೇಡ, ತಂಗಿ. ಓಣಿಯ ಇನ್ನೊಬ್ಬ ಹುಡುಗಿಯನ್ನು ಕರೆದು, ಅದೇ ಕುರ್ಚಿಯ ಪಕ್ಕ ಕೂರಿಸಿಕೊಂಡು ಅವಳದನ್ನೂ ತುಂಬಿಸು.