ಹೆಬ್ಬಾತು ಬಂದಿದೆಯಂತೆ ಅಂದಾಗ

ಬಸರಾಳು ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ಗುಡಿ. ನಮ್ಮಂಥ ಹಕ್ಕಿ ಹುಚ್ಚಿನವರು ಗುಡಿಗೆ ಒಂದು ಸುತ್ತು ಹಾಕಿ ಕೆರೆ ಕಡೆ ನಡೆದುಬಿಡುತ್ತೇವೆ. ಚಳಿಗಾಲದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಯಾವುದೋ ಕೆರೆಗೆ ಅಪರೂಪದ ಅತಿಥಿ ಬಂದಿದೆ ಎಂಬ ಸುದ್ದಿ ಬಂದರೆ ಭಾನುವಾರದ ನಿದ್ದೆ ಹೋದಂತೆಯೇ. ಹಾಗೆ ಹೊರಡುವ ಹೊಸಬರಿಗೆ ಒಂದಿಷ್ಟು ಮಾತು.

1. ಮೊದಲು ನೀರಗಂಟಿಯನ್ನು ಕೇಳಿ

ಮೊಬೈಲಿನಲ್ಲಿ ಬಂದ ಸುದ್ದಿ ಹಳಸಿರುತ್ತದೆ. ದಿನವೂ ತೂಬಿನ ಬಳಿ ಓಡಾಡುವವರು, ಬಲೆ ಬೀಸುವವರು, ಕುರಿ ಮೇಯಿಸುವವರು ಇವತ್ತಿನ ಸಂಗತಿ ಹೇಳುತ್ತಾರೆ. ಪುಸ್ತಕದ ಹೆಸರು ಅವರಿಗೆ ಬೇಕಿಲ್ಲ. "ಬಾತ್‌ಕೋಳಿಗಿಂತ ದಪ್ಪ ಸಾ, ಬೂದಿ ಬಣ್ಣ, ಹಗಲೆಲ್ಲ ನೀರಲ್ಲಿ ತೂಕಡಿಸ್ತವೆ, ಕತ್ತಲಾದ್ರೆ ಹೊಲಕ್ಕೆ ಬೀಳ್ತವೆ" ಎಂದರೆ ಮುಗಿಯಿತು, ಅದು ಪಟ್ಟೆತಲೆ ಹೆಬ್ಬಾತು. ಬಣ್ಣ, ಗಾತ್ರ, ನಡವಳಿಕೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಇಂಥ ವಿವರಣೆ ನಮ್ಮ ಗುಂಪಿನ ಪದವೀಧರರಿಂದಲೂ ಅಪರೂಪ.

2. ಬೆಳಕು ಹರಿಯುವ ಮೊದಲು ಕೆರೆ ಮುಟ್ಟಿ

ಹೆಬ್ಬಾತುಗಳು ರಾತ್ರಿ ಹೊಲಗದ್ದೆಗಳಲ್ಲಿ ಮೇಯ್ದು ನಸುಕಿನಲ್ಲಿ ನೀರಿಗೆ ಮರಳುತ್ತವೆ. ಇಳಿಯುವಾಗಿನ ಗದ್ದಲ ಕೇಳಬೇಕು. ಇಡ್ಲಿ ತಿಂದು ಒಂಬತ್ತಕ್ಕೆ ಬಂದವರಿಗೆ ರೆಕ್ಕೆಯೊಳಗೆ ತಲೆ ಸಿಕ್ಕಿಸಿ ಮಲಗಿದ ಬೂದು ಮುದ್ದೆಗಳಷ್ಟೇ ಸಿಗುತ್ತವೆ. ಬೆಳಗ್ಗೆ ಕೆರೆಯ ಮೂಡಣ ದಡದಲ್ಲಿ ನಿಲ್ಲಿ, ಬಿಸಿಲು ಬೆನ್ನಿಗಿರಲಿ.

3. ಹಿಂಡನ್ನಲ್ಲ, ಒಂದೊಂದು ಹಕ್ಕಿಯನ್ನು ನೋಡಿ

ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆ, ಹಳದಿ ಕೊಕ್ಕು, ಕಿತ್ತಳೆ ಕಾಲು: ಇಷ್ಟು ಕಂಡರೆ ಹೆಬ್ಬಾತು ಖಚಿತ. ಅಲ್ಲಿಗೇ ದೂರದರ್ಶಕ ಮುಚ್ಚಬೇಡಿ. ಎಡದಿಂದ ಬಲಕ್ಕೆ ನಿಧಾನವಾಗಿ ಸಾಗಿ. ಪಟ್ಟೆಯಿಲ್ಲದ, ಗುಲಾಬಿ ಕಾಲಿನ, ದಪ್ಪ ಮೈಯದೊಂದು ನಡುವೆ ಇದ್ದರೆ ಅದು ಗ್ರೇಲ್ಯಾಗ್ ಹೆಬ್ಬಾತು. ಉತ್ತರ ಭಾರತದಲ್ಲಿ ಸಾಮಾನ್ಯವಾದ ಅದು ನಮ್ಮ ಕಡೆ ಕಂಡರೆ ಸುದ್ದಿಯೇ. ಕೊರಳನ್ನೂ ಗಮನಿಸಿ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಸಿಕ್ಕಿವೆ. ಪಟ್ಟಿಯ ಮೇಲಿನ ಅಕ್ಷರ ಓದಲು ಬರುವಂಥ ಒಂದು ಚಿತ್ರ, ರೆಕ್ಕೆ ಬಿಚ್ಚಿದ ಹತ್ತು ಚಿತ್ರಗಳಿಗಿಂತ ಮೇಲು.

4. ಮನೆ ಹಕ್ಕಿ ಗೊತ್ತಿಲ್ಲದವರಿಗೆ ಅತಿಥಿ ಕಾಣುವುದಿಲ್ಲ

ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ದೊಡ್ಡ ಪಾಠ ಇದು. ವಿದ್ಯುತ್ ತಂತಿಯ ಮೇಲೆ ಕೂತ ನೀಲಕಂಠವನ್ನು "ಓ, ಅದೇ" ಎಂದು ದಾಟಿಹೋಗುತ್ತೇವೆ. ಮಧ್ಯ ಏಷ್ಯಾ, ಯುರೋಪಿನಿಂದ ಆಫ್ರಿಕಾಕ್ಕೆ ವಲಸೆ ಹೋಗುವ ಯುರೋಪಿಯನ್ ರೋಲರ್ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಭಾರತದ ಪಶ್ಚಿಮ ಭಾಗವನ್ನು ಹಾದುಹೋಗುತ್ತದೆ. ಎಲ್ಲೋ ಕೆಲವು ನಮ್ಮ ರಾಜ್ಯಕ್ಕೂ ಬರುತ್ತವೆ. ನಮ್ಮ ನೀಲಕಂಠಕ್ಕೆ ಎದೆ ಕಂದು, ಅದರಲ್ಲಿ ಬಿಳಿ ಗೀರು. ಅತಿಥಿಗೆ ತಲೆಯಿಂದ ಹೊಟ್ಟೆವರೆಗೂ ತಿಳಿನೀಲಿ. ಹಾರಿದಾಗ ನಮ್ಮದರ ರೆಕ್ಕೆಯಲ್ಲಿ ಕಡುನೀಲಿ, ತಿಳಿನೀಲಿ ಪಟ್ಟೆ ಪಟ್ಟೆಯಾಗಿ ತೆರೆದುಕೊಳ್ಳುತ್ತದೆ; ಅದರದು ತಿಳಿನೀಲಿಯ ಹಿಂದೆ ಬರೀ ಕಪ್ಪಂಚು. ನೂರು ನೀಲಕಂಠಗಳ ಎದೆ ನೋಡಿದವರ ಕಣ್ಣಿಗೆ ನೂರೊಂದನೆಯದು ಬೇರೆ ಎಂದು ತಾನೇ ಹೊಳೆಯುತ್ತದೆ.

5. ಬದುವಿನ ಮೇಲೆ ನಡೆಯಿರಿ

"ಅಣ್ಣ, ಹೊಲದೊಳಗೆ ಹೋಗಬಹುದಾ?" ಎಂದು ಕೇಳಿಯೇ ಇಳಿಯಿರಿ. "ಹೋಗ್ರಿ, ಪೈರ್ ತುಳೀಬೇಡಿ" ಎನ್ನುತ್ತಾರೆ. ತುಳಿಯಬೇಡಿ.

6. ಹಾರಿಸಬೇಡಿ

ಹಿಮಾಲಯ ದಾಟುವಾಗ 7 ಸಾವಿರ ಮೀಟರಿಗೂ ಮೇಲೆ ಹಾರಿದ ಹೆಬ್ಬಾತುಗಳ ದಾಖಲೆಯಿದೆ. ಅಷ್ಟು ದೂರದಿಂದ ಬಂದು ಸುಧಾರಿಸಿಕೊಳ್ಳುತ್ತಿರುವುದನ್ನು ಒಂದು ಫೋಟೊಕ್ಕಾಗಿ ಎಬ್ಬಿಸುವುದು ತಪ್ಪು. ಮಲಗಿದ್ದವು ಕತ್ತೆತ್ತಿ ಒಂದೇ ದಿಕ್ಕಿಗೆ ನೋಡತೊಡಗಿದರೆ ನೀವು ಹತ್ತಿರವಾದಿರಿ ಎಂದರ್ಥ. ಎರಡು ಹೆಜ್ಜೆ ಹಿಂದೆ ಸರಿಯಿರಿ. ಡ್ರೋನ್ ತಂದವರನ್ನು ನಾನು ಮುಂದಿನ ಸಲ ಕರೆಯುವುದಿಲ್ಲ. ಹಾಗೆ ಒಬ್ಬಿಬ್ಬರು ಸ್ನೇಹಿತರು ದೂರವೂ ಆಗಿದ್ದಾರೆ, ಇರಲಿ.

7. ಜಾಗ ಹೇಳುವ ಮೊದಲು ಯೋಚಿಸಿ

2011ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟ ಹುಲ್ಲುಗಾವಲಿನಲ್ಲಿ ಅಳಿವಿನಂಚಿನ ಲೆಸ್ಸರ್ ಫ್ಲೋರಿಕನ್ ಕಾಣಿಸಿಕೊಂಡಿತ್ತು. ಇಂಥ ಹಕ್ಕಿಯ ಸುದ್ದಿ ಹಬ್ಬಿದರೆ ಕಾರುಗಳ ಸಾಲೇ ಹಿಂದೆ ಬರುತ್ತದೆ. ತೆರೆದ ಕೆರೆಯ ಹೆಬ್ಬಾತಿಗೆ ಅದರಿಂದ ಅಷ್ಟು ಬಾಧೆಯಿಲ್ಲ; ಬಯಲಲ್ಲಿ ಅಡಗುವ ಹಕ್ಕಿಗೆ, ಗೂಡಿನಲ್ಲಿರುವ ಗೂಬೆಗೆ ಇದೆ. ಹಕ್ಕಿ ದಾಖಲೆಯ ಜಾಲತಾಣವಾದ ಇ–ಬರ್ಡ್‌ನಲ್ಲಿ ದಾಖಲಿಸಿ, ವಾಟ್ಸಾಪ್ ಗುಂಪುಗಳಿಗೆ ಜಾಗದ ನಕ್ಷೆ ಕಳಿಸಬೇಡಿ.

8. ಬಂದದ್ದು ಸಿಗದಿದ್ದರೆ ಕೊಕ್ಕರೆ ಬೆಳ್ಳೂರಿಗೆ ಹೋಗಿ

ಮಳೆ ಚೆನ್ನಾಗಿ ಬಿದ್ದು ಎಲ್ಲ ಕೆರೆ ತುಂಬಿದ ವರ್ಷ ಹೆಬ್ಬಾತುಗಳು ಚದುರಿಹೋಗುತ್ತವೆ, ಕೈಗೆ ಸಿಗುವುದಿಲ್ಲ. ಅಂಥ ದಿನ ಮದ್ದೂರು ತಾಲ್ಲೂಕಿನ ಈ ಊರಿಗೆ ಗಾಡಿ ತಿರುಗಿಸುತ್ತೇನೆ. ಶಿಂಷಾ ನದಿಯ ಹತ್ತಿರ, ಮನೆಗಳ ನಡುವಿನ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಬಾಣಂತನಕ್ಕೆ ತವರಿಗೆ ಬಂದ ಮಗಳಂತೆ ಎಂದು ಊರವರೇ ಹೇಳುತ್ತಾರೆ. ಹಿಕ್ಕೆಯ ವಾಸನೆ, ಅಂಗಳಕ್ಕೆ ಬೀಳುವ ಅರೆತಿಂದ ಮೀನು ಎಲ್ಲವನ್ನೂ ಸಹಿಸಿಕೊಂಡಿದ್ದಾರೆ. ಗೂಡಿರುವ ಹುಣಸೆ ಮರದ ಫಸಲು ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂದಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನ ಹುಡುಗರದೇ ಹೆಜ್ಜಾರ್ಲೆ ಬಳಗ 1990ರ ದಶಕದಲ್ಲೇ ಹುಟ್ಟಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹೊಸಬರನ್ನು ಮೊದಲು ಇಲ್ಲಿಗೇ ಕರೆತರುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಕ್ಕಿಯ ಜೊತೆ ಹೇಗಿರಬೇಕೆಂದು ನಾವು ಭಾಷಣ ಮಾಡುವುದು ತಪ್ಪುತ್ತದೆ.

ಪ್ರತಿ ಫೆಬ್ರವರಿ ನಡುವೆ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಕಂಡದ್ದನ್ನೆಲ್ಲ ಬರೆದರೆ ಸಾಕು. ಮಂಡ್ಯದ ಸುತ್ತಲಿನವರು ಈ ಸಲ ರಂಗನತಿಟ್ಟಿಗೇ ಮುಗಿಬೀಳದೆ, ನಿಮ್ಮೂರ ಕೆರೆ ಏರಿಯ ಮೇಲೆ ನಿಂತು ಒಂದು ಪಟ್ಟಿ ಮಾಡಿ ಕಳಿಸಿ. ಕಾಗೆ, ಗೊರವಂಕವನ್ನೂ ಬಿಡದೆ ಬರೆಯಿರಿ.