ಜೀವನಪಥ, ದುಡಿಮೆ, ಅಸಮಾನತೆ: ಪರೀಕ್ಷಾ ಟಿಪ್ಪಣಿ

ಹುಟ್ಟಿನಿಂದ ಬಂದದ್ದು ಆರೋಪಿತ ಅಂತಸ್ತು, ದುಡಿದು ಪಡೆದದ್ದು ಸಾಧಿತ ಅಂತಸ್ತು: ರಾಲ್ಫ್ ಲಿಂಟನ್, 1936.

ಜೀವನಪಥ ಎಂದರೆ ಗ್ಲೆನ್ ಎಲ್ಡರ್ (ಕೃತಿ 1974). ಅಮೆರಿಕದ ಆರ್ಥಿಕ ಮಹಾಕುಸಿತದ ಹೊತ್ತಿಗೆ, ಎಲ್ಡರ್ ಅಧ್ಯಯನ ಮಾಡಿದವರಲ್ಲಿ 1920–21ರಲ್ಲಿ ಹುಟ್ಟಿದ ಓಕ್‌ಲ್ಯಾಂಡ್ ಮಕ್ಕಳು ಹರೆಯಕ್ಕೆ ಬಂದಿದ್ದರು. ಮನೆಯೊಳಗೂ ಹೊರಗೂ ದುಡಿದು ಸಂಸಾರಕ್ಕೆ ಆಸರೆಯಾದರು. 1928–29ರಲ್ಲಿ ಹುಟ್ಟಿದ ಬರ್ಕ್ಲಿ ಮಕ್ಕಳು ಇನ್ನೂ ಎಳೆಯರು. ಅವರಲ್ಲಿ ಗಂಡುಮಕ್ಕಳಿಗೆ ಪೆಟ್ಟು ಹೆಚ್ಚು. ಕಷ್ಟ ಒಂದೇ, ಅದು ಬಂದ ವಯಸ್ಸು ಬೇರೆ. ಎಲ್ಡರ್ ವಾದದ ತಿರುಳು ಇದೇ. ಬರೀ ವ್ಯಾಖ್ಯೆ ಉರುಹೊಡೆದರೆ ಸಾಲದು.

ಆರ್ಲಿ ಹಾಕ್‌ಶೀಲ್ಡ್ ಅವರ ‘ಭಾವನಾತ್ಮಕ ಶ್ರಮ’ (1983) ಗಗನಸಖಿಯರ ಸಂಬಳದ ನಗುವಿನ ಕುರಿತದ್ದು. ‘ಎರಡನೇ ಪಾಳಿ’ (1989) ಉದ್ಯೋಗಸ್ಥ ಹೆಣ್ಣಿನ ಸಂಬಳವಿಲ್ಲದ ಮನೆಗೆಲಸ. ಇವೆರಡನ್ನು ಅದಲುಬದಲು ಮಾಡಬೇಡಿ.