ಬೂಸ್ಟರ್ ಕೇಬಲ್‌ಗೆ ಎಂಥ ತಂತಿ?

ಕಳೆದ ಚಳಿಗಾಲದಲ್ಲಿ ಬಂಗಾರಪೇಟೆಯಲ್ಲಿ ನೆಂಟರ ಮದುವೆ ಮುಗಿಸಿ, ಚಿನ್ನದ ಗಣಿಯ ಊರನ್ನೂ ನೋಡಿ ಬರೋಣವೆಂದು ಹೋದ ನಮಗೆ ಊರಿಗಾಂನಲ್ಲಿ ಒಂದು ಪಾಠವಾಯಿತು. ರಾತ್ರಿಯಿಡೀ ದೀಪ ಉರಿದು ಜೀಪಿನ ಬ್ಯಾಟರಿ ಇಳಿದಿತ್ತು. ಸೆಲ್ಫ್ ಹೊಡೆದರೆ ಕಟಕಟ ಸದ್ದು ಮಾತ್ರ. ಟ್ಯಾಕ್ಸಿಯವರೊಬ್ಬರು ಪಕ್ಕದಲ್ಲಿ ಗಾಡಿ ತಂದು ನಿಲ್ಲಿಸಿದರು. ಮನೆ ವೈರಿಂಗಿಗೆ ಬಳಸುವ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಅಂಗಡಿಯಿಂದ ತಂದು ಎರಡು ಬ್ಯಾಟರಿಗಳಿಗೂ ಕಟ್ಟಿದೆವು. ತಂತಿ ಬಿಸಿಯಾಗಿ ಹೊದಿಕೆ ಮೆತ್ತಗಾಯಿತು, ಸುಟ್ಟ ವಾಸನೆ ಬಂತು. ಎಂಜಿನ್ ಮಾತ್ರ ಜಪ್ಪಯ್ಯ ಎಂದರೂ ತಿರುಗಲಿಲ್ಲ.

ನಿಂತು ನೋಡುತ್ತಿದ್ದ ಹಿರಿಯರೊಬ್ಬರು ನಕ್ಕರು. ಗಣಿಯ ವಿದ್ಯುತ್ ಕೆಲಸದಲ್ಲಿದ್ದು, 2001ರಲ್ಲಿ ಗಣಿ ಮುಚ್ಚಿದಾಗ ಮನೆಗೆ ಬಂದವರು. ತಮಿಳು ಬೆರೆತ ಕನ್ನಡದಲ್ಲಿ, "ಸ್ವಾಮಿ, ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ತಂದವರು 12 ವೋಲ್ಟಿನಲ್ಲಿ ತಂದಿದ್ದರೆ ಒಂದು ಬಲ್ಬೂ ಉರಿಯುತ್ತಿರಲಿಲ್ಲ" ಎಂದರು.

ಮಾತು ತಮಾಷೆಯದಾದರೂ ವಿಷಯವೆಲ್ಲ ಅದರಲ್ಲೇ ಇದೆ. ಕಾವೇರಿಯ ವಿದ್ಯುತ್ ಈ ಗಣಿಗಳಿಗೆ ಬಂದದ್ದು 1902ರಲ್ಲಿ, ಸುಮಾರು 147 ಕಿಲೋಮೀಟರ್ ದೂರದಿಂದ. ಅಷ್ಟು ದೂರ ತರಲು ವೋಲ್ಟನ್ನು 30 ಸಾವಿರಕ್ಕೂ ಮೇಲೆ ಏರಿಸಿದ್ದರು. ವೋಲ್ಟ್ ಹೆಚ್ಚಿದಷ್ಟೂ ಅದೇ ಶಕ್ತಿಗೆ ಬೇಕಾಗುವ ಆಂಪಿಯರ್ ಕಡಿಮೆ. ತಂತಿಯನ್ನು ಕಾಯಿಸುವುದು ಆಂಪಿಯರ್. ಅದು ಎರಡು ಪಟ್ಟಾದರೆ ತಂತಿಯಲ್ಲಿ ಪೋಲಾಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಮ್ಮ ಜೀಪಿನ ಸೆಲ್ಫ್ ಮೋಟಾರು 12 ವೋಲ್ಟಿನಲ್ಲಿ 200 ಆಂಪಿಯರ್ ಎಳೆಯಿತೆನ್ನಿ. ಅದೇ ಶಕ್ತಿಗೆ 30 ಸಾವಿರ ವೋಲ್ಟಿನಲ್ಲಿ ಒಂದು ಆಂಪಿಯರಿನ ಹತ್ತನೆಯ ಒಂದು ಪಾಲೂ ಬೇಕಿಲ್ಲ. ನಾವು ಬ್ಯಾಟರಿಯ ವೋಲ್ಟ್ ಏರಿಸುವಂತಿಲ್ಲವಾದ್ದರಿಂದ ನಮಗಿರುವ ದಾರಿ ಎರಡೇ: ತಂತಿ ದಪ್ಪವಿರಬೇಕು, ಉದ್ದ ಕಡಿಮೆಯಿರಬೇಕು.

ಲೆಕ್ಕ ನೋಡಿ. ಕೆಂಪು ಮೂರು ಮೀಟರ್, ಕಪ್ಪು ಮೂರು ಮೀಟರ್, ಒಟ್ಟು ಆರು ಮೀಟರ್ ತಾಮ್ರ. 200 ಆಂಪಿಯರ್ ಹರಿಯಬೇಕಾದರೆ 4 ಚದರ ಮಿ.ಮೀ. ತಂತಿಯೇ 5 ವೋಲ್ಟ್ ನುಂಗಿಬಿಡುತ್ತದೆ. ಸೆಲ್ಫಿಗೆ ಉಳಿಯುವುದು ಏಳೂ ಇಲ್ಲ. 16ರ ತಂತಿಯಲ್ಲಿ ನಷ್ಟ 1.3 ವೋಲ್ಟ್, 25ರಲ್ಲಿ ಸುಮಾರು 0.8, 35ರಲ್ಲಿ 0.6. ಪೆಟ್ರೋಲ್ ಕಾರಿಗೆ 25 ಸಾಕು. ಡೀಸೆಲ್ ಜೀಪು, ಪಿಕಪ್ ಇನ್ನೂ ಹೆಚ್ಚು ಎಳೆಯುವುದರಿಂದ 35ಕ್ಕಿಂತ ಕಡಿಮೆ ಬೇಡವೆಂಬುದು ನಮ್ಮ ಅಭಿಪ್ರಾಯ. ಮಳೆಗಾಲದ ರಾತ್ರಿ ಮನೆಯಲ್ಲಿ ಯಾರಿಗೋ ಎದೆನೋವು ಬಂದು, ಪೇಟೆ ಇಪ್ಪತ್ತು ಮೈಲಿ ದೂರವಿರುವಾಗ, ಉಳಿಸಿದ ನೂರಿನ್ನೂರು ರೂಪಾಯಿ ನೆರವಿಗೆ ಬಾರದು.

ಕೊಳ್ಳಬೇಕಾದದ್ದು ವೆಲ್ಡಿಂಗ್ ಕೇಬಲ್. ಕೂದಲಿನಂಥ ನೂರಾರು ಎಳೆಗಳಿರುವುದರಿಂದ ಹಗ್ಗದಂತೆ ಬಾಗುತ್ತದೆ, ರಬ್ಬರ್ ಹೊದಿಕೆ ಬೇಗ ಕರಗದು. ಆದರೆ ತಾಮ್ರದ ಬಣ್ಣ ಕಂಡೊಡನೆ ನಂಬಬೇಡಿ. ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರ ಸವರಿದ ಕೇಬಲ್ಲೂ ಮಾರಾಟಕ್ಕಿದೆ. ಒಂದೆಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬೆಳ್ಳಗಿದ್ದರೆ ಹಿಂದಿರುಗಿಸಿ. 25ರ ತಾಮ್ರ ಹೊದಿಕೆ ಬಿಟ್ಟು ಮೀಟರಿಗೆ ಸುಮಾರು 220 ಗ್ರಾಂ ತೂಗಿದರೆ ಅಲ್ಯೂಮಿನಿಯಂ 70 ಗ್ರಾಂ ಕೂಡ ತೂಗದು. ಅಡಿಕೆ ತೂಗುವ ನಮಗೆ ತಕ್ಕಡಿಯ ಮಾತು ಬೇಗ ಅರ್ಥವಾಗುತ್ತದೆ. ದಪ್ಪ ಹೊದಿಕೆ ನೋಡಿ ಮೋಸಹೋಗುವವರೇ ಹೆಚ್ಚು. ಅಳೆಯಬೇಕಾದದ್ದು ಒಳಗಿನ ಲೋಹ.

ತಂತಿ ಚೆನ್ನಾಗಿದ್ದು ಕ್ಲಿಪ್ಪು ತಗಡಿನದಾದರೆ ಎಲ್ಲ ವ್ಯರ್ಥ. ಗಟ್ಟಿ ಸ್ಪ್ರಿಂಗಿನ ದೊಡ್ಡ ಕ್ಲಿಪ್ಪಿಗೆ ತಾಮ್ರದ ಲಗ್ ಒತ್ತಿಸಿ, ಬೋಲ್ಟ್ ಹಾಕಿಸಿ. ಬರೀ ಬೆಸುಗೆ ಸಾಲದು, ಬಿಸಿಗೆ ಕರಗಿ ಕಳಚೀತು.

ಜೋಡಿಸುವಾಗ ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ ಕೆಂಪು, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಬಳಿಕ ಕಪ್ಪನ್ನು ಒಳ್ಳೆಯದರ ಮೈನಸ್‌ಗೆ ಹಾಕಿ, ಕೊನೆಯ ತುದಿಯನ್ನು ಬ್ಯಾಟರಿಗಲ್ಲ, ನಿಂತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿ. ಕೊನೆಯ ತುದಿ ತಾಗುವಾಗ ಕಿಡಿ ಹಾರುತ್ತದೆ. ಬ್ಯಾಟರಿಯ ಬಳಿ ಹೈಡ್ರೋಜನ್ ಅನಿಲವಿದ್ದರೆ ಅದು ಸಿಡಿದು ಆಸಿಡ್ ಮುಖಕ್ಕೆ ಎರಚುತ್ತದೆ. ಬೀಡಿ ದೂರವಿರಲಿ. ಬಿಚ್ಚುವುದು ಇದೇ ಕ್ರಮವನ್ನು ತಿರುಗಾಮುರುಗಾ ಮಾಡಿ. ಲಾರಿಯವರು ನೆರವಿಗೆ ಬಂದರೆ ಮೊದಲು ವೋಲ್ಟ್ ಕೇಳಿ, 24 ಆದರೆ ಕೈಮುಗಿದು ಕಳಿಸಿ. ಹೊಸ ಕಾರುಗಳಲ್ಲಿ ಬೇರೆ ಬೇರೆ ಸೂಚನೆಗಳಿರುವುದುಂಟು, ಕಾರಿನ ಜೊತೆ ಬಂದ ಪುಸ್ತಕ ತೆರೆದು ನೋಡುವುದು ಒಳ್ಳೆಯದು.

ಊರಿಗಾಂನ ಹಿರಿಯರು ಮನೆಯಿಂದ ತಂದದ್ದು 35ರ ವೆಲ್ಡಿಂಗ್ ಕೇಬಲ್. ಟ್ಯಾಕ್ಸಿಯ ಎಂಜಿನ್ ಐದು ನಿಮಿಷ ಓಡಿಸಿ ಸೆಲ್ಫ್ ಹೊಡೆಸಿದರು. ಒಂದೇ ಸಲಕ್ಕೆ ಜೀಪು ಎದ್ದಿತು. ಕೇಬಲ್ಲನ್ನು ಮುಟ್ಟಿ ನೋಡಿದೆವು, ಬೆಚ್ಚಗೂ ಆಗಿರಲಿಲ್ಲ.